ಎರಡನೆಯ ಕುರ್ಚಿಯ ಮೇಷ್ಟ್ರು

ದೊಡ್ಡ ಆಸ್ಪತ್ರೆಯೊಂದರ ಹಿರಿಮೆಯನ್ನು ಹೇಳುವಾಗ ಶಸ್ತ್ರವೈದ್ಯರ ಕೈಗುಣವನ್ನೂ ದಾದಿಯರ ತಾಳ್ಮೆಯನ್ನೂ ಹೊಗಳುವುದು ವಾಡಿಕೆ. ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಸಿದ್ಧವಾದ ರಕ್ತದ ವರದಿ ನಾಲ್ಕು ಮಹಡಿ ಹತ್ತಿ ವೈದ್ಯರ ಪರದೆಯನ್ನು ಹೇಗೆ ಸೇರಿತೆಂದು ಕೇಳುವ ವಾಡಿಕೆ ಇಲ್ಲ. ವರದಿ ಬರುತ್ತಿರುವಷ್ಟು ದಿನ ಯಾರೂ ಕೇಳುವುದಿಲ್ಲ, ಬಾರದ ದಿನ ಎಲ್ಲರೂ ಒಟ್ಟಿಗೇ ಕೇಳುತ್ತಾರೆ. ಹಾಗೆ ಎಲ್ಲರೂ ಒಟ್ಟಿಗೇ ಕೇಳಿದ ದಿನಗಳು ನಮ್ಮ ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಬೆರಳೆಣಿಕೆಯಷ್ಟೇ ಆಗಿದ್ದರೆ, ಅದರ ಶ್ರೇಯಸ್ಸು ನೆಟ್‌ವರ್ಕ್ ವಿಭಾಗದ ಮುಖ್ಯಸ್ಥರಾಗಿ ಈಗ ನಿವೃತ್ತರಾದ, ಈ ಅಭಿನಂದನ ಸಂಪುಟಕ್ಕೆ ಕಾರಣರಾದ ನಮ್ಮ ಮೇಷ್ಟ್ರಿಗೆ ಸಲ್ಲಬೇಕು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಅಧೀಕ್ಷಕರಿಂದ ಹಿಡಿದು ಲಿಫ್ಟ್ ನಡೆಸುವವರವರೆಗೆ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರೇ. ಅವರ ಸಾಧನೆಗಳ ಪಟ್ಟಿಯನ್ನು ಬೇರೆ ಲೇಖಕರು ಕೊಟ್ಟಿದ್ದಾರೆ. ನಾನು ಹೇಳಹೊರಟಿರುವುದು ಮುಖ್ಯವಾಗಿ ಒಂದು ಬೆಳಗಿನ ಸಂಗತಿ, ಅದರಲ್ಲಿ ನನ್ನ ಮಾನವೂ ಸ್ವಲ್ಪ ಹೋಗುತ್ತದೆ. ಹೋದರೆ ಹೋಗಲಿ.

ಟೆಲಿಫೋನ್ ವಿನಿಮಯ ಕೋಣೆಯ ಸಹಾಯಕರಾಗಿ ಸೇರಿದ ಮೇಷ್ಟ್ರು, ಕಂಪ್ಯೂಟರುಗಳು ಒಂದೊಂದಾಗಿ ಆಸ್ಪತ್ರೆಗೆ ಬಂದಂತೆ ತಾವೂ ಒಂದೊಂದೇ ಮೆಟ್ಟಿಲು ಹತ್ತಿ ಅವುಗಳನ್ನು ಜೋಡಿಸುವ ವಿದ್ಯೆಯನ್ನು ಕಲಿತವರು. ಕಲಿಕೆಯ ಆ ದಿನಗಳಲ್ಲಿ ತಾವು ಮಾಡಿದ ಒಂದು ಘನಕಾರ್ಯವನ್ನು ಹೊಸಬರಿಗೆಲ್ಲ ಅವರೇ ಹೇಳುತ್ತಿದ್ದರು. ನಲವತ್ತು ಕಿಲೋಮೀಟರ್ ದೂರದ ನಮ್ಮ ಶಾಖಾ ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಬೆಸೆಯುವ ಸ್ವಿಚ್ ಪೆಟ್ಟಿಗೆಯ ಐಪಿ ವಿಳಾಸವನ್ನು ಇಲ್ಲಿಂದಲೇ ಬದಲಿಸಲು ಹೊರಟ ಅವರು, ಯಾವ ಇಂಟರ್‌ಫೇಸಿನ, ಅಂದರೆ ಕೇಬಲ್ ಕೂಡುವ ಕಿಂಡಿಯ, ಮೂಲಕ ತಾವು ಅದರೊಳಗೆ ಹೊಕ್ಕಿದ್ದರೋ ಅದರ ವಿಳಾಸವನ್ನೇ ತಪ್ಪಾಗಿ ಬದಲಿಸಿಬಿಟ್ಟರು. ಕೂತ ಕೊಂಬೆಯನ್ನೇ ಕಡಿದುಕೊಂಡಂತಾಯಿತು. ಪರದೆ ಮರಗಟ್ಟಿ ನಿಂತಿತು. ಮೇಷ್ಟ್ರು ಚೀಲದಲ್ಲಿ ಒಂದು ಕೇಬಲ್ ತುಂಬಿಕೊಂಡು ಬಸ್ಸು ಹತ್ತಿ, ನಿಂತೇ ಪ್ರಯಾಣ ಮಾಡಿ, ಆ ಪೆಟ್ಟಿಗೆಯ ಮುಂದೆ ಮಂಡಿಯೂರಿ ಅದನ್ನು ಸರಿಪಡಿಸಿ ಬಂದರು. ಮರುದಿನವೇ ನಮ್ಮ ಕೋಣೆಗೆ ಎರಡನೆಯ ಕುರ್ಚಿ ಬಂತು.

ಮೂರನೆಯ ಮಹಡಿಯಲ್ಲಿ ಮೆಟ್ಟಿಲ ಹಿಂದಿರುವ ಆ ಕಿರುಕೋಣೆಯನ್ನು ನೋಡದವರಿಗಾಗಿ ಇಷ್ಟು ಹೇಳಬೇಕು. ಕಬ್ಬಿಣದ ಕಪಾಟಿನಲ್ಲಿ ಸ್ವಿಚ್ಚುಗಳು, ಅವುಗಳ ಮೈತುಂಬ ಕೇಬಲ್‌ಗಳು, ಒಂದು ಕಾಲು ಗಿಡ್ಡವಾದ್ದರಿಂದ ಮಡಚಿದ ರಟ್ಟನ್ನು ಮೆಟ್ಟಿಕೊಂಡು ನಿಂತ ಏಣಿ, ಒಂದು ಪರದೆ, ಎರಡು ಕುರ್ಚಿ. ಮೊದಲ ಕುರ್ಚಿಯಲ್ಲಿ ಕೂತವರು ಟೈಪ್ ಮಾಡಬೇಕು. ಎರಡನೆಯದರಲ್ಲಿ ಕೂತವರು ಕೇಳಿಸಿಕೊಳ್ಳಬೇಕು. ಏನನ್ನಾದರೂ ಮುಟ್ಟುವ ಮೊದಲು, ಮುಟ್ಟಿದ ಮೇಲೆ, ಇಂಟರ್‌ಫೇಸುಗಳ ಪಟ್ಟಿಯನ್ನು ಪರದೆಗೆ ತರಿಸಿ ಗಟ್ಟಿಯಾಗಿ ಓದಬೇಕು. ಕೇಳಿದವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಇಬ್ಬರೂ ಸಹಿ ಹಾಕಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸಿದ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ದಿನಕ್ಕೆ ಹತ್ತು ಸಲ ಅಲ್ಲಿಂದ ಹೊರಬೀಳುತ್ತಿದ್ದ "ಓದಿ ಹೇಳು" ಎಂಬ ಮಾತನ್ನು ಕೇಳಿಯೇ ಪಕ್ಕದ ವಾರ್ಡಿನ ದಾದಿಯರು ಅವರಿಗೆ ಮೇಷ್ಟ್ರು ಎಂದು ನಾಮಕರಣ ಮಾಡಿದ್ದು.

ಆ ಪಟ್ಟಿಯಲ್ಲಿ ಪ್ರತಿ ಇಂಟರ್‌ಫೇಸಿಗೂ ಒಂದು ಸಾಲು. ಸಾಲಿನ ಮೊದಲಿಗೆ ಅದರ ಸಂಖ್ಯೆ, ಆಮೇಲೆ ಅದಕ್ಕೆ ಕೊಟ್ಟ ಐಪಿ ವಿಳಾಸ, ಕೊನೆಗೆ ಅದರ ಸ್ಥಿತಿ ಹೇಳುವ ಎರಡು ಕಾಲಂ. ಕೇಬಲ್ ಎರಡೂ ತುದಿಗೆ ಕೂಡಿಕೊಂಡಿದೆಯೇ ಎಂಬುದು ಮೊದಲ ಕಾಲಂ. ಎರಡು ತುದಿಗಳೂ ಮಾತಾಡುತ್ತಿವೆಯೇ ಎಂಬುದು ಎರಡನೆಯದು. ಎರಡೂ 'ಅಪ್' ಇದ್ದರೆ ಕ್ಷೇಮ. ವಿಳಾಸ ಸರಿಯಿದ್ದ ಮಾತ್ರಕ್ಕೆ ಮನೆಯಲ್ಲಿ ಜನ ಇದ್ದಾರೆಂದು ತಿಳಿಯಬಾರದು, ಬಾಗಿಲನ್ನೂ ನೋಡಬೇಕು ಎನ್ನುತ್ತಿದ್ದರು ಮೇಷ್ಟ್ರು. ಕೂಡಿಕೊಂಡೂ ಮಾತಾಡದ ಇಂಟರ್‌ಫೇಸನ್ನು ಕಂಡರೆ, ಇದು ಜಗಳವಾಡಿದ ಗಂಡ ಹೆಂಡಿರ ಮನೆ ಎಂದು ನಗುತ್ತಿದ್ದರು. ಅವರ ಮನೆಯವರು ಒಮ್ಮೆ ಊಟದ ಡಬ್ಬಿ ಕೊಡಲು ಬಂದವರು ಈ ಮಾತನ್ನು ಕೇಳಿಸಿಕೊಂಡು, ಹಾಗಾದರೆ ನಮ್ಮ ಮನೆಯಲ್ಲಿ ಮೂವತ್ತು ವರ್ಷದಿಂದ ಎರಡನೆಯ ಕಾಲಂ ನಾನೊಬ್ಬಳೇ ನಡೆಸುತ್ತಿದ್ದೇನೆ ಎಂದರು.

ಸ್ಥಿತಿಯಲ್ಲಿ ಇನ್ನೊಂದು ಬಗೆಯಿದೆ. ನನ್ನ ಕಥೆ ನಿಂತಿರುವುದು ಅದರ ಮೇಲೆಯೇ. ಕೇಬಲ್ ಕಿತ್ತುಬಂದರೆ ಪಟ್ಟಿ 'ಡೌನ್' ಎಂದಷ್ಟೇ ಹೇಳುತ್ತದೆ. ಯಾರಾದರೂ ಆಜ್ಞೆ ಟೈಪ್ ಮಾಡಿ ಇಂಟರ್‌ಫೇಸನ್ನು ಮುಚ್ಚಿದ್ದರೆ, ಅದನ್ನು ಬೇರೆಯಾಗಿಯೇ ಬರೆಯುತ್ತದೆ. ಮೇಷ್ಟ್ರು ಅದನ್ನು ಕೈಯಿಂದ ಮುಚ್ಚಿದ್ದು ಎಂದು ಓದಿಸುತ್ತಿದ್ದರು. ಬಿದ್ದದ್ದು ಬೇರೆ, ಮುಚ್ಚಿದ್ದು ಬೇರೆ. ಬಿದ್ದದ್ದನ್ನು ಹುಡುಕಬೇಕು, ಕೈಯಿಂದ ಮುಚ್ಚಿದ್ದನ್ನು ಕೈಯಿಂದಲೇ ತೆರೆಯಬಹುದು ಎಂಬುದು ಅವರು ನನಗೆ ಹೇಳಿಕೊಟ್ಟ ಮೊದಲ ಪಾಠ.

ಹನ್ನೊಂದು ವರ್ಷದ ಹಿಂದೆ, ಎಂಟು ತಿಂಗಳ ಮಗಳನ್ನು ಅತ್ತೆಯ ಕೈಗೆ ಕೊಟ್ಟು, ಪರೀಕ್ಷಾರ್ಥ ಅವಧಿಯ ಕಿರಿಯ ತಂತ್ರಜ್ಞೆಯಾಗಿ ನಾನು ಆ ಕೋಣೆಗೆ ಬಂದೆ. ಮಗುವಿಗೆ ಜ್ವರ ಬಂದ ಮಧ್ಯಾಹ್ನ ನಾನು ಕೇಳುವ ಮೊದಲೇ ಮನೆಗೆ ಕಳುಹಿಸಿದವರು, ನಾನು ಏಣಿ ಹತ್ತಿದಾಗಲೆಲ್ಲ ತಾವೇ ಬಂದು ಅದರ ಗಿಡ್ಡ ಕಾಲನ್ನು ಹಿಡಿದು ನಿಂತವರು ಮೇಷ್ಟ್ರು. ನಾನೋ ಆಗ ಮಹಾ ಚುರುಕಿನವಳು. ಕೆಲಸ ಬೇಗ ಮುಗಿಸುವುದೇ ಜಾಣತನವೆಂದು ನಂಬಿದ್ದ ನನಗೆ ಈ ಓದಿ ಹೇಳುವ ವ್ರತ ವಯಸ್ಸಾದವರ ಗೀಳಿನಂತೆ ಕಾಣುತ್ತಿತ್ತೆಂದು ಈಗ ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ನನ್ನ ಪರೀಕ್ಷಾರ್ಥ ಅವಧಿ ಮುಗಿಯಲು ಮೂರು ವಾರ ಉಳಿದಿತ್ತು. ಅಂದು ಬೆಳಗಿನ ಕೆಲಸ ಇಷ್ಟೇ: ನೋಂದಣಿ ಕೌಂಟರು ಹೊಸ ಕಟ್ಟಡಕ್ಕೆ ಹೋದದ್ದರಿಂದ, ಅದು ಬಳಸುತ್ತಿದ್ದ ಹನ್ನೆರಡನೆಯ ಇಂಟರ್‌ಫೇಸನ್ನು ಮುಚ್ಚುವುದು. ಮೇಷ್ಟ್ರ ತಾಯಿಗೆ ಹಿಂದಿನ ದಿನವಷ್ಟೇ ನಮ್ಮಲ್ಲೇ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿತ್ತು; ಎರಡು ಗಂಟೆಗೊಮ್ಮೆ ಮಗನ ಕೈಯಿಂದಲೇ ಹನಿ ಹಾಕಿಸಿಕೊಳ್ಳುವ ಹಟ ಆ ಅಜ್ಜಿಯದು. ಹತ್ತು ಗಂಟೆಗೆ ಮೇಷ್ಟ್ರು ಹನಿ ಹಾಕಲು ಕೆಳಗಿಳಿದರು. ತಾವು ಬರುವ ತನಕ ಕಾಯಬೇಕೆಂದು ಹೇಳಿಯೇ ಹೋದರು. ನಾನು ಕಾಯಲಿಲ್ಲ. ಖಾಲಿ ಕುರ್ಚಿಯ ಪಕ್ಕದಲ್ಲಿ ಕೂತು, ಆಜ್ಞೆ ಹೊಡೆದು, ಪಟ್ಟಿಯನ್ನು ತರಿಸಿ ನೋಡದೆ ಎದ್ದು, ಚಹಾ ಕುಡಿಯಲು ಹೋದೆ.

ಅರ್ಧ ಗಂಟೆಯೊಳಗೆ ಪ್ರಯೋಗಾಲಯದವರು ಏದುಸಿರು ಬಿಡುತ್ತ ಮೇಲೆ ಬಂದರು. ಅವರ ವರದಿಗಳು ಯಾವ ವಾರ್ಡನ್ನೂ ಸೇರುತ್ತಿರಲಿಲ್ಲ. ಒಬ್ಬ ರೋಗಿಯ ಶಸ್ತ್ರಚಿಕಿತ್ಸೆಯನ್ನು ವರದಿಗಾಗಿಯೇ ತಡೆದಿದ್ದರು. ಹನಿ ಹಾಕಿ ಮರಳಿದ ಮೇಷ್ಟ್ರು ಮೊದಲು ಇಬ್ಬರನ್ನು ಓಡಿಸಿ ವರದಿಗಳನ್ನು ಕಾಗದದಲ್ಲೇ ತಲುಪಿಸುವ ಏರ್ಪಾಡು ಮಾಡಿದರು. ಅಷ್ಟರಲ್ಲಿ ಆಡಳಿತಾಧಿಕಾರಿಗಳು ಕಿರುಕೋಣೆಗೆ ಬಂದಿದ್ದರು, ತೀರ್ಪೂ ಅವರ ಜೊತೆಗೇ ಬಂದಿತ್ತು. ಹತ್ತೂಕಾಲಿಗೆ ಆ ಕೋಣೆಯ ನೆಲ ಒರೆಸಿದ ಗುತ್ತಿಗೆ ಕೆಲಸದಾಕೆ ಕೇಬಲ್ ಎಳೆದಿರಬೇಕು, ನಾಳೆಯಿಂದ ಆಕೆ ಬರುವುದು ಬೇಡ ಎಂದು ಗುತ್ತಿಗೆದಾರನಿಗೆ ತಿಳಿಸಲು ಹೇಳಿಯೂ ಆಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಕೆ ಒದ್ದೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಾನು ವೈರು ಮುಟ್ಟಿಲ್ಲ ಸಾರ್," ಎಂದಳು. "ಬಕೆಟ್ಟನ್ನೂ ಹೊರಗೇ ಇಟ್ಟಿದ್ದೆ."

ಪ್ರಯೋಗಾಲಯದ ಇಂಟರ್‌ಫೇಸ್ ಯಾವುದು ಎಂದು ಯಾರೋ ಕೇಳಿದರು, ಇಪ್ಪತ್ತೊಂದು ಎಂದು ಇನ್ನಾರೋ ಹೇಳಿದರು. ಹನ್ನೆರಡು ಹೊಡೆಯಬೇಕಾದಲ್ಲಿ ಅಂಕಿಗಳನ್ನು ಹಿಂದುಮುಂದು ಮಾಡಿದ್ದ ನನ್ನ ಬೆರಳುಗಳು ಆಗ ನೆನಪಾದವು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಅಂದಿನ ನನ್ನ ಮೌನ ತುಕ್ಕು ಹಿಡಿದ ಕಬ್ಬಿಣ. ಮೂರು ವಾರ, ಮನೆಯಲ್ಲಿ ಮಗು, ಸಿಕ್ಕ ಕೆಲಸ ಎಂದು ಲೆಕ್ಕ ಹಾಕುತ್ತ, ಆಕೆಯ ಮುಖ ನೋಡದೆ ನಿಂತಿದ್ದೆ.

ಮೇಷ್ಟ್ರು ಆರಕ್ಕೇರದೆ ಮೂರಕ್ಕಿಳಿಯದೆ ಎರಡನೆಯ ಕುರ್ಚಿಯಲ್ಲಿ ಕೂತು, ನೋಟ್‌ಬುಕ್ ತೆರೆದು, ಮೊದಲನೆಯದರಲ್ಲಿ ಕೂರುವಂತೆ ನನಗೆ ಸನ್ನೆ ಮಾಡಿದರು. ನಾನು ಪಟ್ಟಿ ತರಿಸಿದೆ. ಅವರೂ ಪರದೆಯನ್ನು ಒಮ್ಮೆ ನೋಡಿದರು.

"ಏನೂ ಮುಟ್ಟಬೇಡಮ್ಮ. ಓದಿ ಹೇಳು."

"ಇಪ್ಪತ್ತೊಂದು," ಎಂದೆ. "ವಿಳಾಸ ಸರಿ ಇದೆ. ಸ್ಥಿತಿ... ಕೈಯಿಂದ ಮುಚ್ಚಿದ್ದು."

ಹಾಗೆಂದರೇನು ಎಂದು ಆಡಳಿತಾಧಿಕಾರಿಗಳು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಪೆನ್ನು ಹಿಡಿದು ನನ್ನತ್ತ ನೋಡಿದರು.

"ವೈರು ಬಿದ್ದಿಲ್ಲ ಸಾರ್, ಯಾರೋ ಆಜ್ಞೆ ಕೊಟ್ಟು ಮುಚ್ಚಿದಾರೆ," ಎಂದೆ. ಆ 'ಯಾರೋ' ಎಂಬ ಮಾತು ನನ್ನ ಕಿವಿಗೇ ಅಸಹ್ಯವಾಗಿ ಕೇಳಿತು. "ಯಾರೋ ಅಲ್ಲ. ನಾನೇ. ಹನ್ನೆರಡು ಅಂತ ಇಪ್ಪತ್ತೊಂದು ಹೊಡೆದೆ. ಆಮೇಲೆ ಓದಿ ನೋಡ್ಲಿಲ್ಲ."

ಮೇಷ್ಟ್ರು ತೆರೆಯಲು ಹೇಳಿದರು. ತೆರೆದೆ, ಮತ್ತೆ ಓದಿದೆ. ಎರಡೂ ಕಾಲಂ ಅಪ್. ಅವರು ಬರೆದುಕೊಂಡು ನೋಟ್‌ಬುಕ್ಕನ್ನು ಆಡಳಿತಾಧಿಕಾರಿಗಳ ಮುಂದೆ ಹಿಡಿದರು. ಟೈಪ್ ಮಾಡಿದವರ ತಪ್ಪು ಅರ್ಧ, ಕೇಳಬೇಕಾದವರು ಕುರ್ಚಿಯಲ್ಲಿ ಇಲ್ಲದ ತಪ್ಪು ಅರ್ಧ ಎಂದು ಬರೆದು, ಕೆಳಗೆ ತಮ್ಮ ಸಹಿ ಹಾಕಿದ್ದರು. ನನ್ನ ತಪ್ಪನ್ನು ಅವರು ಮುಚ್ಚಿಹಾಕಲಿಲ್ಲ, ಪೂರ್ತಿ ತಮ್ಮ ತಲೆಗೂ ಎಳೆದುಕೊಳ್ಳಲಿಲ್ಲ. ಆದದ್ದನ್ನು ಆದಂತೆ ಬರೆದರು. ನೆಲ ಒರೆಸುವಾಕೆಯ ಬಗ್ಗೆ ಗುತ್ತಿಗೆದಾರನಿಗೆ ಹೇಳಿದ್ದನ್ನು ಅಲ್ಲೇ, ಆಕೆಯ ಎದುರಿಗೇ, ಹಿಂದಕ್ಕೆ ಪಡೆಯಬೇಕೆಂದು ಕೇಳಿ, ಪಡೆಸಿಯೇ ಎದ್ದರು. ಆಡಳಿತದವರು ನನ್ನ ಪರೀಕ್ಷಾರ್ಥ ಅವಧಿಯನ್ನು ಆರು ತಿಂಗಳು ಮುಂದುವರಿಸಿದರು. ಅದು ನ್ಯಾಯವೇ.

ತಪ್ಪು ನನ್ನದೆಂದು ಮೇಷ್ಟ್ರಿಗೆ ಮೊದಲೇ ಗೊತ್ತಿತ್ತೇ ಎಂದು ಎಷ್ಟೋ ತಿಂಗಳ ಮೇಲೆ ಕೇಳಿದೆ. ಮುಚ್ಚಿರಬೇಕಾದ ಹನ್ನೆರಡು ಅದೇ ಪಟ್ಟಿಯಲ್ಲಿ ಇನ್ನೂ ತೆರೆದೇ ಇತ್ತಲ್ಲ, ಕಣ್ಣಿದ್ದವರಿಗೆ ಅಷ್ಟು ಸಾಕು ಎಂದರು. ಹಾಗಾದರೆ ತಾವೇ ಯಾಕೆ ಹೇಳಲಿಲ್ಲ ಎಂದೆ.

"ನಾನು ಹೇಳಿದ್ರೆ ನೀನು ಸಿಕ್ಕಿಬಿದ್ದೋಳಾಗ್ತಿದ್ದೆ," ಎಂದರು. "ನೀನೇ ಓದಿದ್ದಕ್ಕೆ ಒಪ್ಪಿಕೊಂಡೋಳಾದೆ."

ಆಮೇಲಿನ ವರ್ಷಗಳಲ್ಲಿ ಇನ್ನೊಂದು ಕಟ್ಟಡ ಎದ್ದಿತು, ಸ್ವಿಚ್ಚುಗಳು ನಾಲ್ಕರಿಂದ ಅರವತ್ತಾದವು, ಹನಿ ಹಾಕಿಸಿಕೊಳ್ಳುತ್ತಿದ್ದ ಅಜ್ಜಿ ತೊಂಬತ್ತು ದಾಟಿ ತೀರಿಕೊಂಡರು, ನಾನು ಮೇಷ್ಟ್ರ ಕೈಕೆಳಗೆ ಉಪಮುಖ್ಯಸ್ಥೆಯಾದೆ. ಅಂದು ಬಾಗಿಲಲ್ಲಿ ನಿಂತಾಕೆ ಇಂದು ಇಡೀ ಮಹಡಿಯ ಸ್ವಚ್ಛತೆಯ ಮೇಲ್ವಿಚಾರಕಿ. ಆ ಕಿರುಕೋಣೆಯ ನೆಲವನ್ನು ಮಾತ್ರ ಈಗಲೂ ತಾನೇ ಒರೆಸುತ್ತಾಳೆ, ಬಕೆಟ್ಟನ್ನು ಈಗಲೂ ಹೊರಗೇ ಇಡುತ್ತಾಳೆ.

ಕಳೆದ ತಿಂಗಳ ಕೊನೆಯ ದಿನ, ಹಾರ ಭಾಷಣಗಳೆಲ್ಲ ಮುಗಿದ ಮೇಲೆ, ಮೇಷ್ಟ್ರು ನನ್ನನ್ನು ಕೋಣೆಗೆ ಕರೆದರು. ಬಾಕಿ ಒಂದು ಕೆಲಸವಿತ್ತು. ಅವರ ಮೇಜಿದ್ದ ಜಾಗಕ್ಕೆ ಹೊಸ ಕಪಾಟು ಬರಲಿತ್ತು. ಬಳಸುವವರಿಲ್ಲದ ಇಂಟರ್‌ಫೇಸನ್ನು ತೆರೆದಿಡಬಾರದೆಂಬುದು ಅವರದೇ ನಿಯಮ. ಅವರ ಮೇಜಿನದು ಒಂಬತ್ತು. ನಾಳೆ ಮುಚ್ಚಿದರಾಯಿತು ಎಂದು ನಾನು ಎರಡು ಸಲ ಹೇಳಿದೆ. ಅವರು ಎರಡನೆಯ ಕುರ್ಚಿಯಲ್ಲಿ ಕೂತು ನೋಟ್‌ಬುಕ್ ತೆರೆದರು. ಇನ್ನು ವಾದಿಸಿ ಪ್ರಯೋಜನವಿರಲಿಲ್ಲ. ಮೊದಲು ಪಟ್ಟಿಯನ್ನು ಓದಿದೆ, ಟೈಪ್ ಮಾಡಿದೆ, ಮತ್ತೆ ಪಟ್ಟಿ ತರಿಸಿದೆ. ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋಗಿದ್ದವು.

"ಓದಿ ಹೇಳು," ಎಂದರು.

"ಒಂಬತ್ತು," ಎಂದೆ. "ಕೈಯಿಂದ ಮುಚ್ಚಿದ್ದು."

ಅವರು ಬರೆದುಕೊಂಡು ಸಹಿ ಹಾಕಿ ಪೆನ್ನನ್ನು ನನಗೆ ಕೊಟ್ಟರು. ಬಾಗಿಲಲ್ಲಿ ಬಕೆಟ್ಟು ಇಳಿಸಿದ ಸದ್ದಾಯಿತು. ಮೇಲ್ವಿಚಾರಕಿ ಯಾವಾಗ ಬಂದು ನಿಂತಿದ್ದಳೋ ತಿಳಿಯದು.

"ಅಳೋದ್ಯಾಕಕ್ಕ," ಎಂದಳು ನನಗೆ. "ವೈರೇನೂ ಬಿದ್ದಿಲ್ವಲ್ಲ."

ಮೇಷ್ಟ್ರು ನಕ್ಕರು. ನಾನು ಅವರ ಸಹಿಯ ಕೆಳಗೆ ನನ್ನದನ್ನು ಹಾಕಿದೆ. ಆ ನೋಟ್‌ಬುಕ್ ಈಗ ನನ್ನ ಬಳಿಯಿದೆ, ಮುಂದಿನ ಪುಟ ಖಾಲಿಯಿದೆ. ಅವರ ದೇಹವೂ ಮಾತೂ, ಆ ಎರಡು ಕಾಲಂಗಳಂತೆ, ನೂರು ವರ್ಷ ಜೊತೆಜೊತೆಯಾಗಿ ನಡೆಯಲಿ. ಮನೆಯಲ್ಲಿ ಎರಡನೆಯ ಕಾಲಂ ನಡೆಸುವ ಭಾರ ಇನ್ನಾದರೂ ಒಬ್ಬರ ಮೇಲೇ ಬೀಳದಿರಲಿ. ಕಲಿಸುವುದನ್ನು ಅವರು ನಿಲ್ಲಿಸದಿರಲಿ. ನಮ್ಮ ಕಡೆಗೆ ಬರಬೇಕೆನಿಸಿದ ದಿನ ಹೇಳಿ ಕಳುಹಿಸಿದರೆ ಸಾಕು, ಒಂಬತ್ತನ್ನು ತೆರೆಯಲು ಒಂದು ಸಾಲು ಹೊಡೆದರಾಯಿತು. ಅವರು ಬಂದು ಎರಡನೆಯ ಕುರ್ಚಿಯಲ್ಲಿ ಕೂರಲಿ, ನಾನು ಓದಿ ಹೇಳುತ್ತೇನೆ.