ಮಕ್ಕಳು ಸಾಯದ ಮಾಸಿಕ

ಬೈಲಹೊಂಗಲದ ಪೇಟೆಯ ಹಿಂದಿನ ಓಣಿಯಲ್ಲಿ ತ್ರ್ಯಂಬಕರಾಯರ ಅಚ್ಚುಕೂಟವಿತ್ತು. ಸವದತ್ತಿಯಲ್ಲಿ ಪುರಾಣ ಹೇಳುವ ಮನೆತನದಲ್ಲಿ ಹುಟ್ಟಿದ ರಾಯರು ತಂದೆಯ ವೃತ್ತಿಯನ್ನು ಬಿಟ್ಟು ಕಥೆ ಬರೆಯಲು ಹೊರಟವರು. ಧಾರವಾಡದ ಪತ್ರಿಕೆಗಳಲ್ಲಿ ಅವರ ಕಥೆಗಳು ಬಂದು ಹೆಸರೂ ಆಯಿತು. ಆಮೇಲೆ ತಾವೇ ‘ಕರಿನೆಲ’ ಎಂಬ ಮಾಸಿಕವನ್ನು ಹೊರಡಿಸಿದರು. ಹಗಲೆಲ್ಲ ಲಗ್ನಪತ್ರಿಕೆಗಳನ್ನು ಅಚ್ಚುಮಾಡಿ, ಬಂದದ್ದರಲ್ಲಿ ಪತ್ರಿಕೆಯನ್ನು ನಡೆಸುತ್ತಿದ್ದರು. ಕಿತ್ತೂರಿನಿಂದ ರಾಮದುರ್ಗದವರೆಗಿನ ಮಾಸ್ತರರು, ಊರ ಲೆಕ್ಕ ಬರೆಯುವ ತಲಾಠಿಗಳು, ಮನೆಯಲ್ಲಿರುವ ಹೆಣ್ಣುಮಕ್ಕಳು ಅದರಲ್ಲಿ ಬರೆದರು.

ಅವರ ಒಬ್ಬಳೇ ಮಗಳು ನರ್ಮದಾ ಚಿಕ್ಕವಳಿದ್ದಾಗಲೇ ವಿಷಮಜ್ವರದಿಂದ ತೀರಿಕೊಂಡಳು. ಅಂದಿನಿಂದ ರಾಯರು ಸ್ವಂತ ಕಥೆ ಬರೆಯಲಿಲ್ಲ. ಬೇರೆಯವರ ಕಥೆಯಲ್ಲಿ ಮಗುವೊಂದು ಸತ್ತರೆ ಕೆಂಪು ಶಾಯಿಯಿಂದ ಆ ಸಾಲುಗಳನ್ನು ಹೊಡೆದು, ಮಗುವನ್ನು ಬದುಕಿಸುತ್ತಿದ್ದರು. ಬಾವಿಗೆ ಬಿದ್ದವರು ಹಗ್ಗ ಹಿಡಿದು ಮೇಲೆ ಬರುತ್ತಿದ್ದರು. ಹಾವು ಕಚ್ಚಿದವರಿಗೆ ವಿಷವೇರುತ್ತಿರಲಿಲ್ಲ.

“ರಾಯರ, ನಮ್ಮ ಪತ್ರಿಕಿಯೊಳಗ ಯಮಗ ಕೆಲಸಾನ ಇಲ್ಲ ನೋಡ್ರಿ” ಎಂದು ಅಚ್ಚಿನ ಮೊಳೆ ಜೋಡಿಸುವ ಸತ್ಯಪ್ಪ ನಗುತ್ತಿದ್ದ. ಅಚ್ಚಾದದ್ದೇ ದೊಡ್ಡದೆಂದು ಬರೆದವರು ಸುಮ್ಮನಿರುತ್ತಿದ್ದರು.

೧೯೭೪ರ ಮಳೆಗಾಲದಲ್ಲಿ ಉಗರಗೋಳದ ಶಿಕ್ಷಕಿ ಶೆಟ್ಟೆವ್ವ ಒಂದು ಕಥೆ ಕಳಿಸಿದಳು. ವಾಂತಿಭೇದಿಯಾದ ತಂಗಿಯನ್ನು ಎತ್ತಿನ ಚಕ್ಕಡಿಯಲ್ಲಿ ಸವದತ್ತಿಯ ದವಾಖಾನೆಗೆ ಒಯ್ಯುವ ಕಥೆ. ಅವಳು ಬರೆದಂತೆ ತಂಗಿ ದಾರಿಯಲ್ಲಿಯೇ ಸಾಯುತ್ತಾಳೆ. ರಾಯರು ಚಕ್ಕಡಿಯನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಿದರು. ಗುಣವಾದ ಹುಡುಗಿ ಪಾಟಿಚೀಲ ಹಿಡಿದು ಶಾಲೆಗೆ ಹೋದಳು.

ಮೊದಲ ಪ್ರತಿ ಬರೆದವರ ಕೈಗೆ ಎಂಬುದು ರಾಯರ ಪದ್ಧತಿ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಅದನ್ನು ಉಗರಗೋಳಕ್ಕೆ ಕಳಿಸಿದರು. ಉಳಿದ ಪ್ರತಿಗಳು ಅಂಚೆಗೆ ಹೋಗುವ ಮೊದಲೇ ಶೆಟ್ಟೆವ್ವ ಅಚ್ಚುಕೂಟದ ಬಾಗಿಲಲ್ಲಿ ನಿಂತಿದ್ದಳು.

“ಕುಂದರ್ರಿ ಅಕ್ಕೋರ” ಎಂದ ಸತ್ಯಪ್ಪ. ಅವಳು ಕುಳಿತುಕೊಳ್ಳಲಿಲ್ಲ.

“ಕಥಿ ಭಾಳ ಛಲೋ ಅದ. ಕಡೀಕ ಸ್ವಲ್ಪ ತಿದ್ದೀನಿ. ಓದೋರಿಗೂ ಸಮಾಧಾನ ಬೇಕಲ್ಲ?” ಎಂದರು ರಾಯರು.

“ಇದು ಕಟ್ಟಿದ ಕಥಿ ಅಲ್ರಿ ರಾಯರ. ಆಕಿ ನನ್ನ ತಂಗಿ, ಮರೆವ್ವ. ನಮ್ಮವ್ವಗ ಓದಾಕ ಬರಂಗಿಲ್ಲ, ನಾನ ಓದಿ ಹೇಳಬೇಕು. ನನ್ನ ತೊಡಿ ಮ್ಯಾಲ ಜೀವಾ ಬಿಟ್ಟಾಕಿ ಪಾಟಿಚೀಲಾ ಹಿಡಕೊಂಡು ಸಾಲಿಗೆ ಹ್ವಾದ್ಲು ಅಂತ ಅವ್ವಗ ಹೆಂಗ ಓದಲ್ರಿ?”

ರಾಯರು ಮೇಜಿನ ಮೇಲಿದ್ದ ಅವಳ ಹಸ್ತಪ್ರತಿಯನ್ನು ಕೈಗೆ ತೆಗೆದುಕೊಂಡರು.

“ಆಕಿ ಸತ್ತದ್ದಾದ್ರೂ ಆಕಿದ ಇರ್ಲಿ ಬಿಡ್ರಿ. ಆಗೂದಿಲ್ಲಂದ್ರ ನನ್ನ ಹೆಸರು ತಗೀರಿ.”

ಪತ್ರಿಕೆಯನ್ನೆಲ್ಲ ಮತ್ತೆ ಅಚ್ಚುಮಾಡಲು ಕಾಗದವಿರಲಿಲ್ಲ. ಶೆಟ್ಟೆವ್ವ ಬರೆದ ಕೊನೆಯ ಭಾಗವನ್ನು ಬೇರೆ ಚೀಟಿಯಾಗಿ ಅಚ್ಚುಮಾಡಿ, ತಿದ್ದಿದ ಸಾಲುಗಳ ಮೇಲೆ ಅಂಟಿಸುವುದೆಂದು ತೀರ್ಮಾನವಾಯಿತು. ಸತ್ಯಪ್ಪ ಮೊಳೆಗಳ ಮುಂದೆ ಕುಳಿತ; ರಾಯರು ಹಸ್ತಪ್ರತಿಯನ್ನು ಓದಿ ಹೇಳತೊಡಗಿದರು. ಹುಡುಗಿಯ ಕೈ ತಣ್ಣಗಾದ ಸಾಲಿಗೆ ಬಂದಾಗ ಓದುವುದನ್ನು ನಿಲ್ಲಿಸಿ ಹಸ್ತಪ್ರತಿಯನ್ನು ಕೆಳಗಿಟ್ಟರು.

ಅಂಟಿಸಲು ಮೈದಾಹಿಟ್ಟಿನ ಸರಿ ಕುದಿಸುತ್ತಿದ್ದ ಹೆಂಡತಿ ಲೀಲಾಬಾಯಿ ಒಳಗಿನಿಂದ ಬಂದರು.

“ಯಾಕ ನಿಂತ್ರಿ? ಮುಂದ ಓದ್ರಿ. ಇದು ನಮ್ಮ ಮನ್ಯಾಗೂ ಆಗೇದಲ್ಲ? ಇಷ್ಟು ವರ್ಷ ಊರಮಂದಿ ಮಕ್ಕಳನ್ನೆಲ್ಲ ಬದುಕಿಸಿದ್ರಿ. ನಮ್ಮ ನರ್ಮದಾನ ಹೆಸರ ಒಮ್ಮೆರ ಬಾಯಾಗ ತಂದ್ರೇನು?”

ರಾಯರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿಕೊಂಡರು. ಮತ್ತೆ ಹಾಕಿಕೊಂಡು ಕೊನೆಯವರೆಗೆ ಓದಿದರು. ಸಂಜೆಯವರೆಗೆ ನಾಲ್ವರೂ ನೆಲದ ಮೇಲೆ ಕುಳಿತು ಚೀಟಿ ಅಂಟಿಸಿದರು. ಒಣಗಿದ ಒಂದು ಪ್ರತಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಶೆಟ್ಟೆವ್ವ ಬಸ್ಸು ಹತ್ತಿದಳು.

ಓದುಗರು ಸುಮ್ಮನಿರುವವರೇ? ಚೀಟಿಯನ್ನು ನೀರು ಹಚ್ಚಿ ಕಿತ್ತು, ಕೆಳಗಿನದನ್ನೂ ಓದಿದರು. ಯಾವುದು ನಿಜವೆಂದು ರಾಮದುರ್ಗದಿಂದ ಪತ್ರಗಳು ಬಂದವು. ಹುಡುಗಿ ಬದುಕಿದ್ದೇ ಚೆನ್ನಾಗಿತ್ತೆಂದು ಹಲವರು ಬರೆದರು. ಮುಂದಿನ ಸಂಚಿಕೆಯಲ್ಲಿ ರಾಯರು ಉತ್ತರ ಕೊಟ್ಟರು: ‘ಮೇಲೆ ಅಂಟಿಸಿದ್ದು ನಡೆದದ್ದು. ಕೆಳಗಿನದು ಸಂಪಾದಕನ ಆಸೆ.’

ಆ ವರ್ಷದ ದೀಪಾವಳಿ ಸಂಚಿಕೆಗೆ ರಾಯರು ಬಹಳ ಕಾಲದ ಮೇಲೆ ತಾವೇ ಒಂದು ಕಥೆ ಬರೆದರು; ಜ್ವರ ಹಿಡಿದು ಮಲಗಿದ ಹುಡುಗಿಯೊಬ್ಬಳ ಕಥೆ. ಸತ್ಯಪ್ಪ ಅರ್ಧ ಜೋಡಿಸಿ ಕೈ ನಿಲ್ಲಿಸಿದ.

“ಈ ಹುಡುಗಿ ಉಳೀತಾಳೇನ್ರಿ, ರಾಯರ?”

“ಇಲ್ಲಪಾ” ಎಂದರು ರಾಯರು. “ಜೋಡಿಸು.”