ಹಂಪ್ ಮೇಲೆ ಅಪ್ಪಾಜಿಯ ಮಣೆ

ಕಾರು ನನ್ನದು. ಇದನ್ನು ಮೊದಲೇ ಬರೆದಿಡುತ್ತೇನೆ, ಯಾಕೆಂದರೆ ಆ ಎರಡು ವಾರ ಈ ಒಂದು ಮಾತನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಬ್ಯಾಂಕಿನಲ್ಲಿ ಹೇಳಿದೆ. ಶಾಮನೂರಿನ ನಮ್ಮ ಲೇಔಟಿನಲ್ಲಿ ಬೆಳಿಗ್ಗೆ ವಾಕಿಂಗ್ ಬರುವ ಹೆಂಗಸರಿಗೆ ಹೇಳಿದೆ. ಕಬ್ಬಿಣದ ಕಪಾಟುಗಳನ್ನು ಬಣ್ಣಕ್ಕೆ ತರುವ ಗಿರಾಕಿಗೆ ಹೇಳಿದೆ.

"ಯಜಮಾನ್ರು ತಗೊಂತಾರೇನ್ರಿ?"

"ಇಲ್ಲ, ನಾನು."

"ಅಂದ್ರ ತಮ್ಮನ ಸಲುವಾಗಿ?"

ನನಗೆ ಗಂಡನೂ ಇಲ್ಲ, ತಮ್ಮನೂ ಇಲ್ಲ. ನಲವತ್ತೆಂಟು ವರ್ಷ ವಯಸ್ಸಿದೆ. ಕರೂರು ಕೈಗಾರಿಕಾ ಪ್ರದೇಶದಲ್ಲಿ ಪೌಡರ್ ಕೋಟಿಂಗ್ ಯುನಿಟ್ ಇದೆ. ಅಲ್ಲಿ ಗ್ರಿಲ್ಲು, ಗೇಟು, ಕಪಾಟುಗಳಿಗೆ ಬಣ್ಣದ ಪುಡಿ ಹಿಡಿಸಿ ಓವನ್ನಿನಲ್ಲಿ ಕಾಯಿಸುತ್ತೇವೆ. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಸ್ಪೋರ್ಟ್ಸ್ ಕಾರು ಯಾಕೆ ಬೇಕಾಯಿತು ಎಂಬುದಕ್ಕೆ ನನ್ನಲ್ಲಿ ಚಂದದ ಕಾರಣವಿಲ್ಲ. ಇದ್ದಿದ್ದರೆ ಅದರ ಮೇಲೆ ನನಗೇ ಅನುಮಾನ ಬರುತ್ತಿತ್ತು. ಗಾಡಿ ಓಡಿಸುವುದು ಇಷ್ಟ, ಅಷ್ಟೆ. ಇನ್ನೊಂದು ಆಸೆಯೂ ಇತ್ತು, ಅದನ್ನು ಬರೆಯುವಾಗ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಆ ಕಾರನ್ನು ಹರಿಹರದ ನಮ್ಮ ಓಣಿಯೊಳಗೆ ತೆಗೆದುಕೊಂಡು ಹೋಗಿ ಮನೆಯ ಬಾಗಿಲಿಗೇ ನಿಲ್ಲಿಸಬೇಕು. ಅಪ್ಪಾಜಿ ಬಂದು ಎಡಗಡೆ ಸೀಟಿನಲ್ಲಿ ಕೂರಬೇಕು. ಕೂತು, "ಪಾಸು" ಅನ್ನಬೇಕು.

ಅಪ್ಪಾಜಿ ಹರಿಹರದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇದ್ದವರು. ಲೇತಿನಿಂದ ಇಳಿದ ಪ್ರತಿಯೊಂದು ಬಿಡಿಭಾಗವನ್ನೂ ಅಳೆಯುವುದು, ಸರಿ ಇದ್ದರೆ ಪಾಸು, ಇಲ್ಲದಿದ್ದರೆ ಅದರ ಮೇಲೆ ಕೆಂಪು ಬಣ್ಣದ ಒಂದು ಬೊಟ್ಟು ಇಟ್ಟು ಕೆಂಪು ಡಬ್ಬಿಗೆ ಹಾಕುವುದು. ಇದೇ ಅವರ ಕೆಲಸ. ನಿವೃತ್ತರಾಗಿ ಎಷ್ಟೋ ವರ್ಷ ಆಯಿತು, ಆದರೆ ಆ ಕೆಂಪು ಡಬ್ಬಿ ಮನೆಯೊಳಗೆ ಎಲ್ಲೋ ಇದೆ. ನನ್ನ ಕಾಲೇಜು ಅದರಲ್ಲಿದೆ. ನಾನು ಮದುವೆ ಬೇಡ ಅಂದದ್ದು ಅದರಲ್ಲಿದೆ. ನನ್ನ ಮೊದಲ ಓವನ್ ನೋಡಲು ಬಂದ ದಿನ ಅವರು ಬಾಗಿಲ ಸಂದಿಯಲ್ಲಿ ಒಂದು ಕಾಗದ ತೂರಿಸಿ, "ಶಾಖ ಸೋರ್ತೈತೆ" ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ಶಾಖ ಸೋರುತ್ತಿತ್ತು, ನಿಜ. ಆದರೂ.

ಬೆಂಗಳೂರಿನ ಶೋರೂಮಿನವನು ಟ್ಯಾಬ್ ಹಿಡಿದು ಯುನಿಟ್ಟಿಗೇ ಬಂದ. ಅವತ್ತು ಅಪ್ಪಾಜಿಯನ್ನು ಹರಿಹರದಿಂದ ಕರೆತಂದಿದ್ದೆ. ಹೊರಡುವಾಗ ಅವರು ನನ್ನ ಹಳೆಯ ಕಾರಿಗೆ ಹತ್ತಿ, ಇಳಿದು, ಮತ್ತೆ ಹತ್ತಿ, ಮತ್ತೆ ಇಳಿದು ಸತಾಯಿಸಿದ್ದರು. ಎದುರು ಮನೆಯ ಅತ್ತಿ ಬಗ್ಗಿ ಚಕ್ರದ ಹತ್ತಿರ ಏನೋ ನೋಡುತ್ತಿದ್ದಳು. ಮಂಡಿ ನೋವು, ಜೊತೆಗೆ ಹಠ ಎಂದುಕೊಂಡು ಹಾರ್ನ್ ಮಾಡಿದ್ದೆ. ನನ್ನ ನೆನಪಿನಲ್ಲಿ ಅವತ್ತು ಯುನಿಟ್ಟಿನಲ್ಲಿ ಸದ್ದೇ ಇಲ್ಲ. ಅದು ಸುಳ್ಳಿರಬೇಕು, ಕೆಲಸದ ದಿನ ಓವನ್ ಸದ್ದು ಮಾಡದೆ ಇರುವುದಿಲ್ಲ. ಸಿಟ್ಟಿನಲ್ಲಿದ್ದಾಗ ಕಿವಿ ತನಗೆ ಬೇಕಾದ್ದನ್ನಷ್ಟೇ ಉಳಿಸಿಕೊಳ್ಳುತ್ತದೋ ಏನೋ.

"ಸರ್, ಫಸ್ಟ್ ಕಲರ್ ನೋಡೋಣ," ಎಂದು ಅವನು ಟ್ಯಾಬನ್ನು ಅಪ್ಪಾಜಿಯ ಕಡೆ ತಿರುಗಿಸಿದ.

"ಕಾರು ನಂದು," ಅಂದೆ.

"ಖಂಡಿತ ಮೇಡಂ." ಟ್ಯಾಬ್ ಅರ್ಧ ತಿರುಗಿತು, ನಮ್ಮಿಬ್ಬರ ನಡುವೆ ನಿಂತಿತು.

ಬ್ರೇಕಿಗೊಂದು ಬಣ್ಣ, ಸೀಟಿನ ಹೊಲಿಗೆ ದಾರಕ್ಕೊಂದು ಬಣ್ಣ, ಬೆಲ್ಟಿಗೊಂದು ಬಣ್ಣ. ನಾನು ಇಪ್ಪತ್ತು ವರ್ಷ ಬಣ್ಣದ ಪುಡಿ ಉಸಿರಾಡಿದವಳು. "ಬಾಡಿ ಮೇಲೆ ಒಟ್ಟು ಎಷ್ಟು ಮೈಕ್ರಾನ್ ದಪ್ಪದ ಕೋಟು?" ಎಂದು ಕೇಳಿದೆ. ಅವನು ನಕ್ಕು, "ಪ್ರೀಮಿಯಂ ಫಿನಿಶ್ ಮೇಡಂ," ಅಂದ. ಮತ್ತೆ ಕೇಳಿದೆ. "ತುಂಬ ಲೇಡೀಸು ಪರ್ಲ್ ವೈಟ್ ತಗೋತಾರೆ," ಅಂದ. ಕೆಂಪು ಒತ್ತಿದೆ. ನನಗೆ ಕೆಂಪು ಇಷ್ಟವೋ ಇಲ್ಲವೋ ಈಗಲೂ ಗೊತ್ತಿಲ್ಲ.

"ಕೆಂಪಾ?" ಅಂದರು ಅಪ್ಪಾಜಿ.

"ಹೂಂ, ಕೆಂಪು."

ಅವರು ಟ್ಯಾಬ್ ಕಡೆ ಬಗ್ಗಿದರು. ಶೋರೂಮಿನವನನ್ನು ಕೇಳಿದರು, "ನೆಲದಿಂದ ಎಷ್ಟು ಎತ್ತರ ಐತ್ರಿ ಇದರ ಹೊಟ್ಟಿ?"

"ಒನ್ ಟ್ವೆಂಟಿ ಎಂ.ಎಂ. ಸರ್."

"ಯಾರೂ ಕೂಡದಾಗಿನ ಅಳತಿನೋ, ಕೂತಾಗಿನದೋ?"

ಅವನು ಫೋನ್ ಮಾಡಿ ಯಾರನ್ನೋ ಕೇಳಿದ. "ಡ್ರೈವರ್ ಒಬ್ಬರು ಕೂತಾಗ ಸರ್. ನಿಮಗೆ ಹಂಪ್ ಪ್ರಾಬ್ಲಂ ಇದ್ದರೆ ಮೂತಿ ಎತ್ತೋ ಆಪ್ಷನ್ ಇದೆ. ಬಟನ್ ಒತ್ತಿದ್ರೆ ಮುಂಭಾಗ ಮೇಲೇಳುತ್ತೆ. ಹಂಪ್ ಎಲ್ಲಿದೆ ಅಂತ ಕಾರು ನೆನಪಿಟ್ಕೊಂಡು, ನೆಕ್ಸ್ಟ್ ಟೈಮ್ ತಾನೇ ಏಳುತ್ತೆ."

"ಅಂದ್ರ ಗಾಡಿ ತಗ್ಗು ಮಾಡ್ಯಾರ, ಆಮೇಲೆ ಎತ್ತಾಕ ಇನ್ನೊಂದು ಮಿಷನ್ ಇಟ್ಟಾರ," ಎಂದರು ಅಪ್ಪಾಜಿ. ಅವರ ತುಟಿಯ ಒಂದು ಕಡೆ ಮೇಲೆದ್ದಿತು. ಆ ತುಟಿಯನ್ನು ನಾನು ಬಾಲ್ಯದಿಂದ ಬಲ್ಲೆ.

"ಅದು ಬೇಡ," ಅಂದೆ.

"ಹದಿನೈದು ದಿನದೊಳಗೆ ಚೇಂಜ್ ಮಾಡಬಹುದು ಮೇಡಂ. ಆಮೇಲೆ ಆರ್ಡರ್ ಲಾಕ್ ಆಗುತ್ತೆ."

"ಬೇಡ ಅಂದೆನಲ್ಲ."

ಆಮೇಲಿನ ಎರಡನೇ ಭಾನುವಾರ ಹರಿಹರಕ್ಕೆ ಹೋದಾಗ ಅಪ್ಪಾಜಿ ಒಂದು ಮಣೆ ಮಾಡಿ ನಿಲ್ಲಿಸಿದ್ದರು. ಮಣೆ ಅನ್ನುವುದು ಓಣಿಯವರು ಇಟ್ಟ ಹೆಸರು. ಕಾರ್ಖಾನೆಯಲ್ಲಾದರೆ ಅದನ್ನು ಗೇಜ್ ಅನ್ನುತ್ತಿದ್ದರು: ಒಂದು ರಂಧ್ರ ಸರಿ ಇದೆಯೇ ಎಂದು ನೋಡಲು ಅಳತೆಪಟ್ಟಿ ಹಿಡಿಯುತ್ತಾ ಕೂರುವುದಿಲ್ಲ, ನಿಗದಿ ಅಳತೆಯ ಸರಳೊಂದನ್ನು ತೂರಿಸುತ್ತಾರೆ, ಹೋದರೆ ಪಾಸು. ಇದು ಅದೇ ರೀತಿಯದು. ಉದ್ದನೆಯ ಹಲಗೆ. ಚಕ್ರಗಳಿರುವ ಜಾಗದಲ್ಲಿ ಎರಡು ಜೊತೆ ಗಿಡ್ಡ ಕಾಲು. ಮುಂದೆ ಕಾರಿನ ಮೂತಿಯಷ್ಟು ಹಲಗೆ ಚಾಚಿಕೊಂಡಿದೆ. ಇದನ್ನು ಹಂಪ್ ಮೇಲೆ ಜಾರಿಸಿದಾಗ ಹಲಗೆ ತಾಗದಿದ್ದರೆ ಕಾರೂ ತಾಗುವುದಿಲ್ಲ.

"ಹಿಡಿ ಆ ಕಡೆ," ಅಂದರು.

ಹಿಡಿದೆ. ಯಾಕೆ ಹಿಡಿದೆನೋ. ದೊಡ್ಡ ರಸ್ತೆಯಿಂದ ನಮ್ಮ ಮನೆಯವರೆಗೆ ನಾಲ್ಕು ಹಂಪ್ ಇವೆ. ಆ ಬಿಸಿಲಲ್ಲಿ ಮುಂದೆ ಅಪ್ಪಾಜಿ, ಹಿಂದೆ ನಾನು, ನಡುವೆ ಹಲಗೆ. ಚಹಾ ಅಂಗಡಿಯವನು ಕಟ್ಟೆಯಿಂದಲೇ ಕೂಗಿದ.

"ಏನ್ರೀ ಯಜಮಾನ್ರೇ, ಪಂಕ್ತಿ ಊಟ ಐತೇನು?"

"ಇಲ್ಲಪ್ಪ, ಮಗಳ ಕಾರು."

"ಕಾಲು ಗಿಡ್ಡ ಆತಲ್ರೀ ಕಾರಿಗೆ. ಎಷ್ಟು ಮಂದಿ ಕೂಡ್ತಾರ?"

"ಇಬ್ರು."

"ಇಷ್ಟುದ್ದ ಮಣಿಗೆ ಇಬ್ರಾ? ಮಲಗಿಕೊಂಡು ಹೋಗಬೇಕೇನು ಹಂಗಾರೆ?"

ಕಟ್ಟೆ ಮೇಲಿದ್ದವರೆಲ್ಲ ನಕ್ಕರು. ಅಪ್ಪಾಜಿಯೂ ನಕ್ಕರು. ನನ್ನ ಜೊತೆ ಅವರು ಹಾಗೆ ನಕ್ಕದ್ದು ಯಾವಾಗ ಎಂದು ಹುಡುಕಿದರೆ ನನಗೆ ಏನೂ ಸಿಗುವುದಿಲ್ಲ.

ಮೊದಲ ಮೂರು ಹಂಪ್ ಪಾಸಾದವು. ನಾಲ್ಕನೆಯದು ನಮ್ಮ ಮನೆಯ ಮುಂದಿನದು. ಚಾಚಿದ ಮೂತಿ ಕಾಂಕ್ರೀಟಿಗೆ ತಾಗಿ ಕಿರ್ ಎಂದು ನಿಂತಿತು. ಅಪ್ಪಾಜಿ ಮತ್ತೊಮ್ಮೆ ನಿಧಾನವಾಗಿ ಜಾರಿಸಿದರು. ಮತ್ತೆ ಕಿರ್.

"ರಿಜೆಕ್ಟ್," ಅಂದರು.

ಆ ಹಂಪ್ ಮೇಲೆ ನನಗೆ ಮೂವತ್ತು ವರ್ಷದ ಸಿಟ್ಟಿದೆ. ಹದಿನೆಂಟನೇ ವಯಸ್ಸಿನಲ್ಲಿ ಅಪ್ಪಾಜಿಯ ಸ್ಕೂಟರನ್ನು ಕೇಳದೆ ತೆಗೆದುಕೊಂಡು ಈ ಓಣಿಯಲ್ಲಿ ಈ ತುದಿಯಿಂದ ಆ ತುದಿಗೆ ಓಡಿಸುತ್ತಿದ್ದೆ. ಕೆಲವೇ ತಿಂಗಳಲ್ಲಿ, ಸರಿಯಾಗಿ ನಮ್ಮ ಬಾಗಿಲ ಮುಂದೆ, ಹಂಪ್ ಎದ್ದಿತು. ಅದನ್ನು ಅಪ್ಪಾಜಿಯೇ ಹಾಕಿಸಿದರು. ಅವರು ಸಿಮೆಂಟಿನವನ ಪಕ್ಕ ನಿಂತು ಕೈ ತೋರಿಸುತ್ತಿದ್ದುದು ನನಗೆ ಕಾಣುತ್ತದೆ, ಹಾಕಿದ ಅಂಗಿಯ ಬಣ್ಣದ ಸಮೇತ. ಆ ಭಾನುವಾರ ಮಣೆ ಕೆಳಗಿಟ್ಟು ಇದನ್ನು ಅವರ ಮುಖಕ್ಕೇ ಹೇಳಿದೆ.

"ನನ್ನ ತಡೆಯಾಕ ನೀವು ಹಾಕ್ಸಿದ ಹಂಪ್ ಇದು. ಈಗ ಇದನ್ನೇ ತೋರ್ಸಿ ರಿಜೆಕ್ಟ್ ಅಂತೀರಿ."

"ನಾನ್ಯಾಕ ಹಾಕಿಸ್ಲಿ? ಶಾಲಿ ಮಕ್ಕಳ ಸಲುವಾಗಿ ಮುನ್ಸಿಪಾಲ್ಟಿಯವ್ರು ಹಾಕಿದ್ದು."

ಎದುರು ಮನೆಯ ಅತ್ತಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದವಳು ಮೊರ ಕೆಳಗಿಟ್ಟಳು. "ಇಬ್ರಿಗೂ ಏನಾಗೈತೆ? ಅದು ಹಂಪೇ ಅಲ್ಲ. ನಮ್ಮ ಮನಿ ನಳದ ಪೈಪ್ ಅಡ್ಡ ಬಂದೈತೆ, ಒಡೀಬಾರ್ದು ಅಂತ ಮ್ಯಾಲೆ ಕಾಂಕ್ರೀಟ್ ಹಾಕ್ಯಾರ. ಅದನ್ನ ತೆಗಿಸ್ತೀನಿ ಅಂದೀ ಮತ್ತೆ, ನೀರಿಗೆ ನಿಮ್ಮನಿಗೇ ಬರ್ತೀನಿ."

ಮೂವತ್ತು ವರ್ಷ ನಾನು ಒಂದು ನಳದ ಪೈಪಿನ ಮೇಲೆ ಸಿಟ್ಟು ಮಾಡಿಕೊಂಡಿದ್ದೆನೆ? ಒಪ್ಪಲಾರೆ. ಪೈಪ್ ಇರಬಹುದು. ಮೇಲಿನ ಕಾಂಕ್ರೀಟನ್ನು ಇನ್ನೆರಡು ಬೆರಳು ದಪ್ಪ ಮಾಡಿ ಎಂದು ಅಪ್ಪಾಜಿ ಹೇಳಿರಬಹುದು. ಆದರೆ ಬರೆಯುತ್ತಾ ನೋಡಿದರೆ, ನನಗೆ ಕಾಣುವ ಆ ಅಂಗಿ ಅವರು ನಿವೃತ್ತರಾದ ಮೇಲೆ ಹೊಲಿಸಿದ್ದು. ಹಾಗಾದರೆ ಸಿಮೆಂಟಿನವನ ಪಕ್ಕ ನಿಂತವರು ಯಾರು? ಅವರನ್ನು ಅಲ್ಲಿ ನಿಲ್ಲಿಸಿದ್ದು ನಾನೇ ಇರಬಹುದು.

ಮರುದಿನ ಯುನಿಟ್ಟಿನ ಟೆಂಪೊ ಕಳಿಸಿ ಮಣೆಯನ್ನು ಕರೂರಿಗೆ ತರಿಸಿದೆ. ಗರಗಸ ಹಾಕಿ ತುಂಡು ಮಾಡುವುದು ನನ್ನ ಉದ್ದೇಶ. ಅದಕ್ಕೂ ಮುಂಚೆ ಕಾಲುಗಳನ್ನು ಅಳೆದೆ. ನಾನೂ ಅವರ ಮಗಳೇ. ಮೊದಲ ಕಾಲು ನೂರಾ ಹನ್ನೆರಡು ಮಿಲಿಮೀಟರ್. ಎರಡನೆಯದು ನೂರಾ ಹನ್ನೆರಡು. ನಾಲ್ಕೂ ನೂರಾ ಹನ್ನೆರಡೇ. ಶೋರೂಮಿನವನು ಹೇಳಿದ್ದು ನೂರಾ ಇಪ್ಪತ್ತು. ಅಪ್ಪಾಜಿ ಅಳತೆಯಲ್ಲಿ ತಪ್ಪುವವರಲ್ಲ, ಕೂದಲಿನಷ್ಟೂ ಇಲ್ಲ. ಅಂದರೆ ಎಂಟು ಮಿಲಿಮೀಟರ್ ಬೇಕೆಂದೇ ಕಡಿಮೆ ಮಾಡಿದ್ದಾರೆ. ಕಾರು ಫೇಲಾಗಲಿ ಎಂದು ಗೇಜನ್ನೇ ತಿದ್ದಿದ್ದಾರೆ.

ಇಷ್ಟು ವರ್ಷದಲ್ಲಿ ಅವರ ಮೇಲೆ ಏನೆಲ್ಲ ಹೊರಿಸಿದ್ದೆ, ಮೋಸವನ್ನು ಮಾತ್ರ ಹೊರಿಸಿರಲಿಲ್ಲ. ಎರಡು ಮಿಲಿಮೀಟರ್ ತಗಡನ್ನು ಕತ್ತರಿಸಿದೆ, ಒಂದೊಂದು ಕಾಲಿಗೆ ನಾಲ್ಕು ತುಂಡು. ಮಣೆಯನ್ನು ಟೆಂಪೊಗೆ ಹಾಕಿಸಿ ನಾನೇ ಓಡಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಒಂದಕ್ಕಿಂತ ಒಂದು ಹರಿತವಾಗಿದ್ದವು. ಓಣಿ ಮುಟ್ಟುವಷ್ಟರಲ್ಲಿ ಎಲ್ಲ ಮರೆತೆ.

ಅಪ್ಪಾಜಿ ಜಗಲಿ ಮೇಲೆ ಕೂತಿದ್ದರು. ನಾನು ಮಾತಾಡದೆ ತಗಡುಗಳನ್ನು ಕಾಲಿಗೆ ಅಂಟಿಸಿ, ಮಣೆಯನ್ನು ಒಬ್ಬಳೇ ಎಳೆದು ಹಂಪ್ ಮೇಲೆ ಜಾರಿಸಿದೆ. ಕಿರ್ ಅನ್ನಲಿಲ್ಲ. ಹಲಗೆಗೂ ಕಾಂಕ್ರೀಟಿಗೂ ನಡುವೆ ಒಂದು ಬಳಪ ತೂರುವಷ್ಟು ಬೆಳಕು ಕಂಡಿತು.

"ನೋಡ್ರಿ. ನೂರಾ ಇಪ್ಪತ್ತಿಟ್ರೆ ಹೋಗ್ತೈತೆ. ನೀವು ಕಾಲು ಗಿಡ್ಡ ಮಾಡೀರಿ."

"ಹೂಂ," ಅಂದರು. "ಒಬ್ಬಾಕಿನೇ ಹೋಗಾದಾದ್ರೆ ಪಾಸು."

"ಒಬ್ಬಾಕಿ ಅಂದ್ರೆ?"

"ಡ್ರೈವರ್ ಒಬ್ರು ಕೂತಾಗ ನೂರಾ ಇಪ್ಪತ್ತು ಅಂದ್ನಲ್ಲ ಅವನು. ಬಾಜೂಕ ಇನ್ನೊಬ್ರು ಕೂತ್ರೆ ಇಳಿಯಲ್ವಾ ಗಾಡಿ? ನಿನ್ನ ಹಳೇ ಕಾರಿನಾಗ ಕೂತು ನೋಡಿದ್ದೆ, ಎಂಟು ಮಿಲಿಮೀಟರ್ ಇಳೀತು. ಅವತ್ತು ಈಕಿ ಸ್ಕೇಲ್ ಹಿಡಿದಿದ್ಲು. ನೀನು ಹಾರ್ನ್ ಹೊಡಿತಿದ್ದಿ."

ಎದುರು ಬಾಗಿಲಲ್ಲಿದ್ದ ಅತ್ತಿ ತಲೆ ಆಡಿಸಿದಳು. "ಮೂರು ಸಲ ಬಗ್ಗಿದೆ ನೋಡವ್ವಾ, ಇನ್ನೂ ಸೊಂಟ ಹಿಡಕೊಂಡೈತೆ."

ಇಲ್ಲಿ ಕಥೆ ಬರೆಯುವವರಾದರೆ ನನ್ನ ಕಣ್ಣಲ್ಲಿ ನೀರು ತರಿಸುತ್ತಿದ್ದರು. ಬರಲಿಲ್ಲ. ಬಂದದ್ದು ಹಿಂದಿನ ದಿನಕ್ಕಿಂತ ದೊಡ್ಡ ಸಿಟ್ಟು. ಕೂರುತ್ತೇನೆ ಎಂಬ ಒಂದು ಮಾತಿಗೆ ಈ ಮನುಷ್ಯ ಮರ ತಂದು, ಕೊಯ್ದು, ಉಜ್ಜಿ, ಊರ ತುಂಬ ಮೆರವಣಿಗೆ ಮಾಡಿ, ನನ್ನ ಬಾಗಿಲ ಮುಂದೆ ನನಗೇ ರಿಜೆಕ್ಟ್ ಹೇಳಿದ್ದರು.

"ಬಾಯಿ ಬಿಟ್ಟು ಹೇಳಾಕ ಏನಾಗಿತ್ತು? ನಾನೂ ಕೂಡ್ತೀನಿ ಅನ್ನಾಕ?"

"ಬಾಯಿಲೆ ಹೇಳಿದ್ದಕ್ಕ ಅಳತಿ ಎಲ್ಲೈತೆ?"

"ಅಳತಿ ಬ್ಯಾಡಾಗಿತ್ತು ನನಗೆ."

"ನಿನಗ ಬ್ಯಾಡ. ಹಂಪಿಗೆ ಬೇಕಲ್ಲ."

ಅವರು "ಇನ್ನೊಬ್ರು" ಅಂದರು, "ನಾನು" ಅನ್ನಲಿಲ್ಲ. ಅದನ್ನು ನಾನು ಆಗಲೇ ಗಮನಿಸಿದ್ದೆ. ಸಿಕ್ಕಿಬಿದ್ದ ಮೇಲೆ ಹೊಳೆದ ವಿವರಣೆ ಇರಬಹುದೇ ಅಂತ ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಸ್ಕೇಲ್ ಹಿಡಿದವಳು ಎದುರಿಗೇ ಇದ್ದಳು, ಹಾರ್ನ್ ಹೊಡೆದವಳು ನಾನೇ.

ಲಾಕ್ ಆಗಲು ಇನ್ನೂ ಮೂರು ದಿನ ಇತ್ತು. ಹಂಪ್ ಪಕ್ಕದಲ್ಲೇ ನಿಂತು ಶೋರೂಮಿನವನಿಗೆ ಫೋನ್ ಮಾಡಿದೆ. ಮೂತಿ ಎತ್ತುವುದನ್ನು ಸೇರಿಸಿ ಅಂದೆ.

"ಒಳ್ಳೇ ಡಿಸಿಷನ್ ಮೇಡಂ. ಒಂದ್ಸಲ ಸರ್ ಹತ್ರ ಕನ್ಫರ್ಮ್ ಮಾಡ್ಕೊಳ್ಲಾ?"

"ಸರ್ ಕಾರಿನ ಮಾಲೀಕರಲ್ಲ," ಅಂದೆ. "ಸರ್ ಎಂಟು ಮಿಲಿಮೀಟರ್."

"ಸಾರಿ ಮೇಡಂ?"

"ಏನಿಲ್ಲ. ಸೇರ್ಸಿ."

ಅಪ್ಪಾಜಿ ಜಗಲಿಯಿಂದ ಇಳಿದು ಬಂದು ಮಣೆಯ ಕಾಲಿನ ತಗಡುಗಳನ್ನು ಒಂದೊಂದಾಗಿ ಕಿತ್ತರು. ಅಂಚು ಹರಿತ ಇದೆ, ಉಜ್ಜಿಲ್ಲ ಎಂದು ಗೊಣಗಿದರು. ಆಮೇಲೆ, "ಕೆಂಪು ಬದಲ್ಸಿದ್ರೆ ಚಲೋ ಇತ್ತು," ಅಂದರು.

"ಕೆಂಪೇ."

"ಆತು." ಸ್ವಲ್ಪ ಹೊತ್ತು ತಗಡುಗಳನ್ನು ಅಂಗೈಯಲ್ಲಿ ಎಣಿಸಿದಂತೆ ಮಾಡಿದರು. "ಸೀಟು ನೆಲದಿಂದ ಎಷ್ಟು ಎತ್ತರ ಐತೆ ಅಂತ ಕೇಳಿದೇನು?"

"ಯಾಕ?"

"ಮಂಡಿ."

ಜಗಲಿಯ ಮೂಲೆಯಲ್ಲಿ ಮಿಕ್ಕ ಹಲಗೆ ಒರಗಿಸಿಟ್ಟಿದ್ದರು. ಅದನ್ನು ನೋಡಿಯೇ ನನಗೆ ಮುಂದಿನ ಭಾನುವಾರ ಏನು ಕಾದಿದೆ ಎಂದು ಗೊತ್ತಾಯಿತು. ಮೈಯೆಲ್ಲ ಉರಿಯಿತು. ಸೀಟಿನ ಎತ್ತರ ಕೇಳಲು ಶೋರೂಮಿನವನಿಗೆ ಮತ್ತೆ ಫೋನ್ ಹಚ್ಚಿದೆ.