ಮುಂದಿನ ಚಕ್ರದ ಷಡಕ್ಷರಿ

ಕೊಳ್ಳೇಗಾಲ ಮದರಾಸಿಗೆ ಸೇರಿದ್ದಾಗ ಮುಳ್ಳೂರಿನ ಷಡಕ್ಷರಿ ಒಮ್ಮೆ ಎಸ್ಸೆಸ್ಸೆಲ್ಸಿ ಫೇಲಾದ. ಐವತ್ತಾರರಲ್ಲಿ ತಾಲ್ಲೂಕು ಮೈಸೂರಿಗೆ ಬಂದ ಮೇಲೆ ಇನ್ನೊಮ್ಮೆ ಕೂತು ಫೇಲಾದ. ಎರಡು ಸರ್ಕಾರಗಳೂ ಒಂದೇ ಅಭಿಪ್ರಾಯಕ್ಕೆ ಬಂದ ಮೇಲೆ ಮೂರನೆಯವರನ್ನು ಕೇಳುವುದರಲ್ಲಿ ಅರ್ಥವಿಲ್ಲವೆಂದು ಅವನ ಅಪ್ಪ ಕೆಂಪನಂಜಪ್ಪನವರು ಒಂದು ಸೈಕಲ್ ಕೊಡಿಸಿ, ಗದ್ದೆ ನೋಡಿಕೋ ಎಂದರು.

ಷಡಕ್ಷರಿಗೆ ಸೈಕಲ್ ಮೇಲೆ ಪ್ರೀತಿ, ಪೆಡಲ್ ಮೇಲೆ ದ್ವೇಷ. ಸೋಮಾರಿಗಳು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಕೂತಲ್ಲೇ ಕೂರುವ ಸೋಮಾರಿ ಬೇರೆ, ಊರೆಲ್ಲ ತಿರುಗಬೇಕೆನ್ನುವ ಸೋಮಾರಿ ಬೇರೆ. ಷಡಕ್ಷರಿ ಎರಡನೇ ಜಾತಿ. ಕಬ್ಬಿನ ಲಾರಿ ಕಂಡರೆ ಅದರ ಹಿಂದಿನ ಸರಪಳಿ ಹಿಡಿದುಕೊಂಡು ಯಳಂದೂರಿನವರೆಗೂ ಹೋಗುತ್ತಿದ್ದ. ಹೊನ್ನೂರಿನ ಶಿವರತ್ನಮ್ಮನನ್ನು ಮದುವೆಯಾದ ಹೊಸದರಲ್ಲಿ, ಲಾರಿ ಸಿಗದ ದಿನ ಮಾವನ ಮನೆ ತಲುಪಿದವನು ಜಗಲಿ ಮೇಲೆ ಬಿದ್ದು ಸಂಜೆಯವರೆಗೆ ನಿದ್ದೆ ಹೊಡೆಯುತ್ತಿದ್ದ. ಅಳಿಯನಿಗೆ ಎದೆರೋಗವಿದೆಯೆಂದು ಅತ್ತೆ ಒಳಗೊಳಗೇ ಹರಕೆ ಹೊತ್ತಿದ್ದರು.

ಅರವತ್ತನಾಲ್ಕರಲ್ಲಿ ಕೆಂಪನಂಜಪ್ಪನವರು ಭತ್ತಕ್ಕೆ ಔಷಧಿ ಹೊಡೆಯುವ ಪೆಟ್ರೋಲ್ ಮಿಷನ್ ತಂದರು. ಬೆನ್ನಿಗೆ ಕಟ್ಟಿಕೊಳ್ಳುವ ಡಬ್ಬಿ, ಅದರಡಿ ತೆಂಗಿನಕಾಯಿಗಿಂತ ತುಸು ದೊಡ್ಡ ಇಂಜಿನ್. ಊರಿಗೆ ಅದೇ ಮೊದಲು. ಬಂದವರಿಗೆಲ್ಲ ಕಾಫಿಗೂ ಮುಂಚೆ ಮಿಷನ್ ತೋರಿಸುತ್ತಿದ್ದರು. ಎಲ್ಲರೂ ಔಷಧಿ ನೋಡಿದರೆ, ಷಡಕ್ಷರಿ ಗಿರಗಿರ ತಿರುಗುವ ಇಂಜಿನ್ನನ್ನೇ ನೋಡುತ್ತ ನಿಂತ. ಅದನ್ನು ಸೈಕಲ್ಲಿನ ಹಿಂಭಾಗಕ್ಕೆ ಕೂರಿಸಿದರೆ ಹಲ್ಲುಚಕ್ರ, ಚೈನು ಎಂದು ನೂರು ತಾಪತ್ರಯ. ಅಲ್ಲದೆ ಕ್ಯಾರಿಯರ್ ಮೇಲೆ ಹೆಂಡತಿ ಕೂರಬೇಕು. ಮುಂದಿನ ಚಕ್ರದ ಮೇಲೆ ಕೂರಿಸಿದರೆ? ಇಂಜಿನ್ನಿಗೊಂದು ಉರುಳೆ ಹಾಕಿ ಟೈರಿಗೆ ಒತ್ತಿದರೆ ಸಾಕು. ಉರುಳೆ ತಿರುಗಿದರೆ ಟೈರೂ ತಿರುಗುತ್ತದೆ. ಬೇಡವೆಂದಾಗ ಮೇಲಕ್ಕೆತ್ತಿದರಾಯಿತು.

ಇಂಜಿನ್ನನ್ನು ಎತ್ತಿ ತಡೆದು ನಿಲ್ಲಿಸಲು ದೇವರ ಮನೆಯ ಬಾಗಿಲ ಚಿಲಕ ಬಿಚ್ಚಿ ತಂದ. ದೇವರೇನೂ ಹೊರಗೆ ಬರಲಿಲ್ಲ, ಬೆಕ್ಕು ಮಾತ್ರ ಒಳಗೆ ಹೋಗತೊಡಗಿತು. ಉರುಳೆಯನ್ನು ಮೊದಲು ಹುಣಸೆ ಮರದಲ್ಲಿ ಮಾಡಿದ. ಅದು ನುಣ್ಣಗಾಗಿ ಜಾರಿತು. ಅಕ್ಕಿ ಗಿರಣಿಯ ಸಾಣೆಕಲ್ಲಿನ ಚೂರು ಹಾಕಿ ನೋಡಿದ. ಅದು ಎಷ್ಟು ಗಟ್ಟಿಯಾಗಿ ಕಚ್ಚಿತೆಂದರೆ, ಕೊಳ್ಳೇಗಾಲದಲ್ಲಿ ಹೊರಟ ಟೈರು ಯಳಂದೂರಿಗೆ ಬರುವಾಗ ಬರೀ ಟ್ಯೂಬಾಗಿತ್ತು. ಕೊನೆಗೆ ಕೊಳ್ಳೇಗಾಲದ ಲೇತ್ ಅಂಗಡಿಯ ಮುತ್ತಯ್ಯ ಗೀರು ಹಾಕಿದ ಕಬ್ಬಿಣದ ಉರುಳೆ ಕಡೆದು ಕೊಟ್ಟ. ಹನೂರು ರಸ್ತೆಯ ಏರಿನಲ್ಲಿ ಗಾಡಿ ಕೆಮ್ಮುತ್ತ, ಉಗುಳುತ್ತ ಹತ್ತಿತು. ಷಡಕ್ಷರಿ ಕಾಲೆರಡನ್ನೂ ಅಗಲಿಸಿಕೊಂಡು, ಹುಟ್ಟಿದ ಮೇಲೆ ಇಂಥ ಸುಖ ಕಂಡೇ ಇಲ್ಲವೆಂಬಂತೆ ಕೂತಿದ್ದ.

ಅದೇ ಸುಖದಲ್ಲಿ ಮನೆ ಬಾಗಿಲಿಗೆ ಬಂದಿಳಿದಾಗ, ಅವನಪ್ಪ ಹೊನ್ನೂರಿನ ಬೀಗರಿಗೆ ಮಿಷನ್ ತೋರಿಸಲೆಂದು ಗೋಣಿಚೀಲ ಸರಿಸಿದ್ದರು. ಒಳಗೆ ಡಬ್ಬಿಯಿತ್ತು, ಪೈಪಿತ್ತು, ಅಷ್ಟೇ.

"ಏನ್ಲಾ ಇದು?"

"ಸೈಕಲ್ ಕಣಪ್ಪ."

"ಅದರ ಮ್ಯಾಲ ಕೂತಿರದೇನ್ಲಾ?"

"ಇಂಜಿನ್."

"ಯಾರ್ದು?"

"ನಮ್ದೇಯ."

ಬೀಗರು ಮೀಸೆಯಡಿ ನಕ್ಕರು. ಕೆಂಪನಂಜಪ್ಪನವರಿಗೆ ಅದೇ ತಡೆಯಲಾಗಲಿಲ್ಲ. "ನಾಳ ಭತ್ತಕ್ಕ ಹುಳ ಬಿದ್ರ ಏನ್ಲಾ ಮಾಡೀಯ? ಹುಳನೆಲ್ಲ ಕ್ಯಾರಿಯರ್ ಮ್ಯಾಲ ಕೂರುಸ್ಕಂಡು ಊರಾಚ ಬುಟ್ಟು ಬಂದೀಯ? ಓಗು, ನಿನ್ ಗಾಡಿ ಎಲ್ಲಿಗೆ ಓದದೋ ಅಲ್ಲಿಗೇ ಓಗು!"

ಷಡಕ್ಷರಿ ಹೋಗಿಯೇ ಬಿಟ್ಟ. ಹಿಂದೆ ಶಿವರತ್ನಮ್ಮ, ಅವಳ ತೊಡೆಯ ಮೇಲೆ ಟ್ರಂಕು. ಯಳಂದೂರಿನ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಅಂಗಡಿ ಹಾಕಿದ. ಕೆಟ್ಟು ಮೂಲೆಗೆ ಬಿದ್ದ ಸಣ್ಣ ಇಂಜಿನ್ನುಗಳನ್ನು ಹುಡುಕಿ ತಂದು, ರೇಷ್ಮೆಗೂಡಿನ ವ್ಯಾಪಾರಿಗಳಿಗೆ, ಹಾಲಿನವರಿಗೆ ಗಾಡಿ ಕಟ್ಟಿಕೊಟ್ಟ. ಮಳೆ ಬಂದರೆ ಉರುಳೆ ಜಾರಿ, ಇಂಜಿನ್ ಕೂಗಾಡುತ್ತಿತ್ತು, ಗಾಡಿ ನಿಂತೇ ಇರುತ್ತಿತ್ತು. "ಮಳೇಲಿ ಮನೇಲಿರ್ಬೇಕು ಕಣ್ರಿ, ಗಾಡಿಗಿರೋ ಬುದ್ದಿ ನಿಮಗಿಲ್ವಲ್ಲ" ಎಂದು ಗಿರಾಕಿಗಳನ್ನೇ ಬಯ್ಯುತ್ತಿದ್ದ.

ಅಪ್ಪನ ಹೆಸರು ಬಂದರೆ ಮಾತ್ರ ಸ್ಪ್ಯಾನರ್ ಕೆಳಗಿಡುತ್ತಿದ್ದ. "ಮನೆಯಿಂದ ಓಡ್ಸುದ್ದಕ್ಕ ಬ್ಯಾಸರಿಲ್ಲ ಕಣಮ್ಮಿ. ಒಂದ್ ಸಲನಾದ್ರೂ ಬಗ್ಗಿ, ಇದೆಂಗ್ಲಾ ಓಡ್ತದ ಅಂತ ಕೇಳ್ಲಿಲ್ವಲ್ಲ," ಎಂದು ಹೆಂಡತಿಯ ಹತ್ತಿರ ಒಮ್ಮೆ ಹೇಳಿದ. ಶಿವರತ್ನಮ್ಮ, "ದೇವ್ರಮನ ಚಿಲಕನ ಕಿತ್ಕಂಡು ಬಂದವ್ರ್ನ ಯಾರ್ ಬಗ್ಗಿ ಕೇಳಾರು?" ಎಂದಳು.

ಅಗರದ ಆಚೆಯ ತೋಪಿನ ಮಠದ ಶಿವರುದ್ರಸ್ವಾಮಿಗಳು ಒಂದು ದಿನ ಅಂಗಡಿಗೆ ಬಂದರು. ಮಠ ಸಣ್ಣದು, ಸ್ವಾಮಿಗಳು ಮಾತ್ರ ಧಾರಾಳವಾಗಿದ್ದರು. ಭಕ್ತರ ಮನೆಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದರು, ಕಾವಿ ಚೈನಿಗೆ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ವಾರ ನಡುಬೀದಿಯಲ್ಲಿ ಅರ್ಧ ಕಾವಿ ಚೈನಿನ ಪಾಲಾಗಿ, ಉಳಿದರ್ಧದಲ್ಲಿ ನಿಂತೇ ಆಶೀರ್ವಾದ ಮಾಡಬೇಕಾಗಿ ಬಂದಿತ್ತಂತೆ.

"ಪೆಡಲ್ ತುಳೀದಂಗೆ ಒಂದ್ ಮಾಡ್ಕೊಡಪ್ಪ. ಬರೋ ಸೋಮವಾರ ಮುಳ್ಳೂರಲ್ಲಿ ಪಾದಪೂಜೆ ಅದ."

"ಯಾರ ಮನೇಲಿ ಬುದ್ದಿ?"

"ನಿಮ್ಮಪ್ಪನ ಮನೇಲೇ."

ಷಡಕ್ಷರಿ ತಲೆ ತಗ್ಗಿಸಿ ಗಾಡಿ ಕಟ್ಟಿದ. ಕೆಲಸ ಚೆನ್ನಾಗಿ ಮಾಡಬೇಕೆಂಬ ಆತುರದಲ್ಲಿ ಚಿಲಕಕ್ಕೆ ಬಣ್ಣ ಬಳಿದ. ಬಣ್ಣ ಸರಿಯಾಗಿ ಒಣಗಲಿಲ್ಲ.

ಸೋಮವಾರ ಸ್ವಾಮಿಗಳು ಮುಂದೆ, ಷಡಕ್ಷರಿ ತನ್ನ ಗಾಡಿಯಲ್ಲಿ ಹಿಂದೆ. ಊರೊಳಗೆ ಕಾಲಿಡುವ ಉದ್ದೇಶ ಅವನಿಗಿರಲಿಲ್ಲ, ಕೆರೆ ಏರಿಯಿಂದಲೇ ತಿರುಗಿಬಿಡುವುದೆಂದಿದ್ದ. ಏರಿ ಇಳಿಯುವಾಗ ಸ್ವಾಮಿಗಳು ಇಂಜಿನ್ ಎತ್ತಲು ಚಿಲಕ ಎಳೆದರು. ಚಿಲಕ ಬಣ್ಣದಲ್ಲಿ ಅಂಟಿ ಕೂತಿತ್ತು. ಬ್ರೇಕಿನ ರಬ್ಬರು ಸ್ವಾಮಿಗಳ ತೂಕಕ್ಕೆ ಕೈಮುಗಿಯಿತು. ಕೆಳಗೆ ಕಳಶ ಹಿಡಿದ ಹೆಂಗಸರು, ವಾಲಗದವರು, ಗಂಧ ಬಳಿದುಕೊಂಡ ಕೆಂಪನಂಜಪ್ಪನವರು ಎರಡು ಸಾಲಾಗಿ ನಿಂತಿದ್ದರು. ದೂರ ಸರಿಯಿರೆಂದು ಸ್ವಾಮಿಗಳು ಒಂದು ಕೈ ಎತ್ತಿದರು. ಆಶೀರ್ವಾದವೆಂದು ತಿಳಿದು ಎಲ್ಲರೂ ಬಗ್ಗಿದರು. ಬಗ್ಗಿದ ಬೆನ್ನುಗಳ ನಡುವೆ ಸ್ವಾಮಿಗಳು ಬಾಣದಂತೆ ಹಾದು, ಕೆಂಪನಂಜಪ್ಪನವರ ತಿಪ್ಪೆಯೊಳಗೆ ಬಿಜಯಂಗೈದರು.

ಮೊದಲು ಓಡಿದವರು ಕೆಂಪನಂಜಪ್ಪನವರು. ಅವರ ಹಿಂದೆಯೇ, ತಿರುಗಿ ಹೋಗುವುದನ್ನು ಮರೆತ ಷಡಕ್ಷರಿ. ಅಪ್ಪ ಒಂದು ರಟ್ಟೆ, ಮಗ ಇನ್ನೊಂದು ರಟ್ಟೆ ಹಿಡಿದು ಎಳೆದರು. ಸೊಂಟದವರೆಗೆ ಗೊಬ್ಬರವಾಗಿದ್ದ ಸ್ವಾಮಿಗಳು ಕಣ್ಣೊರೆಸಿಕೊಂಡು ಜೋರಾಗಿ ನಗತೊಡಗಿದರು.

"ಬಯ್ಬ್ಯಾಡ ಕಣೋ ಕೆಂಪನಂಜಪ್ಪ. ತಿಪ್ಪೇಗಾದ್ರೂ ಹೊತ್ತಿಗೆ ಸರ್ಯಾಗಿ ತಂದಾಕ್ದ. ನಿನ್ ಗಾಡಿ ಎತ್ತು ಇಷ್ಟೊತ್ತಿಗೆ ಅಗರಾನೂ ದಾಟ್ತಿರ್ಲಿಲ್ಲ."

ಕೆಂಪನಂಜಪ್ಪನವರು ತಿಪ್ಪೆಯಲ್ಲಿ ಇನ್ನೂ ಗುರ್ರೆನ್ನುತ್ತಿದ್ದ ಗಾಡಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತರು. ಇಂಜಿನ್ ನಿಲ್ಲಿಸುವುದು ಹೇಗೆಂದು ಕೇಳಿದರು. ಷಡಕ್ಷರಿ ನಿಲ್ಲಿಸಿದ. ಅವರು ಉರುಳೆ ತಿರುಗಿಸಿ ನೋಡಿದರು, ಟೈರು ಮುಟ್ಟಿ ನೋಡಿದರು, ಚಿಲಕ ಅಲ್ಲಾಡಿಸಿದರು.

"ಇದ್ಯಾತಕ್ಲಾ ಚಿಲಕ? ಒಂದ್ ಸ್ಪ್ರಿಂಗ್ ಆಕು. ಕೈ ಬುಟ್ರ ತಾನಾಗೇ ಮ್ಯಾಕ್ಕ ಎದ್ಬುಡ್ಬೇಕು."

"ಆಕ್ತೀನಿ ಕಣಪ್ಪ," ಎಂದ ಷಡಕ್ಷರಿ. ಅಲ್ಲೇ ಅಪ್ಪನ ಪಕ್ಕ ಕೂತು ಚಿಲಕದ ಸ್ಕ್ರೂ ಬಿಚ್ಚತೊಡಗಿದ.

ಅಂದು ಪಾದಪೂಜೆ ಸಾಂಗವಾಗಿ ನಡೆಯಿತು. ತೊಳೆಯಬೇಕಾದ ಅಗತ್ಯ ಅಷ್ಟೊಂದಿದ್ದ ಪಾದಗಳು ಆ ಮನೆಗೆ ಹಿಂದೆಂದೂ ಬಂದಿರಲಿಲ್ಲ.

ಸ್ಪ್ರಿಂಗು ಕೆಲಸ ಮಾಡಿತು. ಕೆಂಪನಂಜಪ್ಪನವರು ಸಂತೆಗೆಂದು ಹೊರಟರೂ ಯಳಂದೂರಿನ ಅಂಗಡಿಯಲ್ಲಿ ಬಂದು ಕೂರುತ್ತಿದ್ದರು, ಬೇಡದ ಸಲಹೆ ಕೊಡುತ್ತಿದ್ದರು, ಅಪ್ಪಮಗ ಹೊಟ್ಟೆತುಂಬ ಜಗಳವಾಡುತ್ತಿದ್ದರು. ಶಿವರತ್ನಮ್ಮ ಗಾಡಿ ಕಲಿತು, ಸೀರೆ ಸೆರಗು ಸಿಕ್ಕಿಸಿಕೊಂಡು ತವರಿಗೆ ಒಬ್ಬಳೇ ಹೋಗಿಬರತೊಡಗಿದಳು. ಹೊನ್ನೂರಿನ ಎತ್ತುಗಳು ಬೆದರುವುದನ್ನು ಬಿಟ್ಟರೂ ಗಂಡಸರು ಬಹಳ ಕಾಲ ಬಿಡಲಿಲ್ಲ.

ಎಪ್ಪತ್ತರ ದಶಕದಲ್ಲಿ ಕಾರ್ಖಾನೆಯ ಮೊಪೆಡ್‌ಗಳು ಕೊಳ್ಳೇಗಾಲಕ್ಕೆ ಬಂದವು. ಅವು ಮಳೆಯಲ್ಲೂ ಓಡುತ್ತಿದ್ದವು. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಷಡಕ್ಷರಿ ಅಂಗಡಿ ಬಾಗಿಲು ಹಾಕಿ ಮನೆಯಲ್ಲಿ ಮುಸುಕು ಹೊದ್ದು ಮಲಗಿದ. ಶಿವರತ್ನಮ್ಮ ಮುಸುಕು ಎಳೆದಳು.

"ಅವ್ರ ಗಾಡಿ ಕೆಡಕಿಲ್ವಾ?"

"ಕೆಡ್ದೆ ಏನು? ಕೆಡ್ತದ."

"ಮತ್ತ? ಎದ್ದೋಗಿ ಬಾಗ್ಲು ತಗೀರಿ."

ಮೊದಲ ಮೊಪೆಡ್ ರಿಪೇರಿಗೆ ಬಂದ ದಿನ ಅದನ್ನು ಶತ್ರುವಿನ ಹೊಟ್ಟೆ ಬಗೆಯುವ ಖುಷಿಯಲ್ಲಿ ಬಿಚ್ಚಿದ. ಸಂಜೆ ಜೋಡಿಸುವ ಹೊತ್ತಿಗೆ ಮುಖದಲ್ಲಿ ಮರ್ಯಾದೆ ಬಂದಿತ್ತು. ಆದರೂ ಕೀಲಿಕೈ ಕೊಡುವಾಗ ಗಿರಾಕಿಗೆ ಒಂದು ಮಾತು ಹೇಳಿದ: "ಇಂಜಿನ್ ಚೆನ್ನಾಗದ ಸಾ. ತಪ್ಪು ಜಾಗ್ದಲ್ಲಿ ಆಕವ್ರ, ಅಷ್ಟೇಯ."